‘ಎವರೇಜ್’ ಎಂದರೆ ಸರಾಸರಿ ಅಲ್ಲ

‘ಎವರೇಜ್’ ಅನ್ನುವ ಶಬ್ದ ಗೊತ್ತಿಲ್ಲದವರು ಈ ಮುಂಬಯಿಯಲ್ಲಿ ಯಾರೂ ಇರಲಿಕ್ಕಿಲ್ಲ. ಕ್ರಿಕೆಟ್ ಆಟಗಾರನಿಗೆ ಒಂದು ಎವರೇಜ್ ಇದೆ. ಮೋಟಾರ್ ಸೈಕಲ್ಲು ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎಂದು ಕೇಳಬೇಕಾದರೆ ಇಲ್ಲಿಯವರು ‘ಗಾಡಿ ಎಷ್ಟು ಎವರೇಜ್ ಕೊಡ್ತದೆ?’ ಎನ್ನುತ್ತಾರೆ. ಸಿನಿಮಾ ಹೇಗಿತ್ತು ಅಂದರೆ ‘ಎವರೇಜ್’ ಅಂತ ಮುಖ ಸಿಂಡರಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಾಸರಿ ಎಂಬ ಒಳ್ಳೆಯ ಮಾತು ಇದ್ದೇ ಇದೆ. ಎಲ್ಲವನ್ನೂ ಕೂಡಿಸು, ಎಷ್ಟಿವೆಯೋ ಅಷ್ಟರಿಂದ ಭಾಗಿಸು. ಇದು ಪ್ರಾಥಮಿಕ ಶಾಲೆಯ ಲೆಕ್ಕ.

ಆದರೆ ನಮ್ಮ ಬಿ.ಕಾಂ. ಪುಸ್ತಕಗಳಲ್ಲಿ ಇದೇ ಶಬ್ದ ಎರಡು ಕಡೆ ಬೇರೆ ವೇಷದಲ್ಲಿ ಬರುತ್ತದೆ. ಒಂದು, ಕಡಲ ವಿಮೆಯ ಪಾಠದಲ್ಲಿ ‘ಜನರಲ್ ಎವರೇಜ್’. ಇನ್ನೊಂದು, ಬೆಂಕಿ ವಿಮೆಯ ಲೆಕ್ಕದಲ್ಲಿ ‘ಎವರೇಜ್ ಕ್ಲಾಸ್’, ಅಂದರೆ ಎವರೇಜ್ ಷರತ್ತು. ಈ ಎರಡು ಕಡೆಯೂ ಸರಾಸರಿ ಎಂದಿಟ್ಟುಕೊಂಡು ಓದಿದರೆ ಒಂದು ವಾಕ್ಯವೂ ಕೂಡಿ ಬರುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ನಮಗೆ ಒಂದು ಅಭ್ಯಾಸ ಇರುತ್ತದೆ. ಇಂಗ್ಲಿಷ್ ಶಬ್ದ ಕಂಡ ಕೂಡಲೇ ಮನಸ್ಸಿನಲ್ಲೇ ಅದರ ಪಕ್ಕ ಒಂದು ಕನ್ನಡ ಶಬ್ದ ಕೂರಿಸಿಬಿಡುತ್ತೇವೆ. ಬಹಳ ಸಲ ಇದರಿಂದ ಲಾಭವೇ. ‘ಡಿಪ್ರಿಸಿಯೇಶನ್’ ಅಂದಾಗ ಇಂಗ್ಲಿಷ್ ಮಾಧ್ಯಮದವರು ವ್ಯಾಖ್ಯೆ ಬಾಯಿಪಾಠ ಮಾಡುತ್ತಾರೆ. ನಮಗೆ ‘ಸವಕಳಿ’ ಎಂದರೆ ಸಾಕು, ಸವೆದ ಚಪ್ಪಲಿ ಕಣ್ಣ ಮುಂದೆ ಬರುತ್ತದೆ. ‘ಬ್ಯಾಲೆನ್ಸ್ ಶೀಟಿ’ಗೆ ‘ಅಢಾವೆ ಪತ್ರಿಕೆ’ ಎನ್ನುವುದು ಸ್ವಲ್ಪ ಗಡುಸಾದರೂ ಕೆಲಸ ನಡೆಯುತ್ತದೆ. ಎವರೇಜಿನ ವಿಷಯ ಹಾಗಲ್ಲ. ಸರಾಸರಿ ಎಂಬ ಸರಿಯಾದ ಶಬ್ದವೇ ಇಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಕತೆ ಕವನಗಳ ನಡುವೆ ವಿಮೆಯ ಮಾತೇಕೆ ಅಂತ ಆರ್ಟ್ಸಿನ ಗೆಳೆಯರು ಪುಟ ಮಗುಚಬೇಡಿ. ಒಂದು ಶಬ್ದ ಊರೂರು ಅಲೆದು ಹೇಗೆ ಬದಲಾಯಿತು ಎನ್ನುವ ಕತೆಯೂ ಇದರಲ್ಲಿದೆ.

ಮೊದಲು ಹಡಗಿನ ಮಾತು ಹೇಳುತ್ತೇನೆ, ಯಾಕೆಂದರೆ ಶಬ್ದ ಹುಟ್ಟಿದ್ದು ಅಲ್ಲಿ.

ಒಂದು ಹಡಗು ಸರಕು ತುಂಬಿಕೊಂಡು ಹೊರಟಿದೆ ಅಂತ ಇಟ್ಟುಕೊಳ್ಳಿ. ಹಡಗು ಒಬ್ಬನದು, ಸರಕು ಹತ್ತಾರು ವ್ಯಾಪಾರಿಗಳದ್ದು. ನಡು ಕಡಲಿನಲ್ಲಿ ಬಿರುಗಾಳಿ. ಭಾರ ಇಳಿಸದಿದ್ದರೆ ಹಡಗು ಮುಳುಗುತ್ತದೆ. ಕಪ್ತಾನ ಮೇಲೆ ಕೈಗೆ ಸಿಕ್ಕಿದ ಮೂಟೆಗಳನ್ನು ಕಡಲಿಗೆ ಎಸೆಯಿಸುತ್ತಾನೆ. ಹೀಗೆ ಎಸೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಜೆಟಿಸನ್’ ಎನ್ನುತ್ತಾರೆ. ಹಡಗು ಉಳಿಯಿತು, ಉಳಿದ ಸರಕೂ ಉಳಿಯಿತು. ಹೋದದ್ದು ಮಾತ್ರ ಒಬ್ಬ ಬಡಪಾಯಿಯ ಮೂಟೆಗಳು. ಅವನ ಮೂಟೆಗಳೇ ಯಾಕೆ ಹೋದವು? ಕೈಗೆ ಹತ್ತಿರ ಇದ್ದವು, ಅಷ್ಟೇ. ಅವನು ಮಾಡಿದ ತಪ್ಪೇನೂ ಇಲ್ಲ. ಅವನ ಸರಕು ಹೋದದ್ದರಿಂದಲೇ ಉಳಿದವರದ್ದು ದಡ ಸೇರಿತು. ಹಾಗಾದರೆ ಈ ಲುಕ್ಸಾನು ಯಾರದು?

ಎಲ್ಲರದೂ, ಎನ್ನುತ್ತದೆ ಕಾನೂನು. ಉಳಿದವರೆಲ್ಲ ತಮ್ಮ ತಮ್ಮ ಸೊತ್ತಿನ ಬೆಲೆಗೆ ತಕ್ಕಂತೆ ಆ ನಷ್ಟದಲ್ಲಿ ಪಾಲು ಹಾಕಬೇಕು. ಇದೇ ಜನರಲ್ ಎವರೇಜ್. ಸರಾಸರಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಇಲ್ಲಿ ‘ಎವರೇಜ್’ ಎಂದರೆ ನಷ್ಟ. ‘ಜನರಲ್’ ಎಂದರೆ ಎಲ್ಲರಿಗೂ ಸೇರಿದ್ದು.

ಲೆಕ್ಕ ಒಂದು ಮಾಡಿ ನೋಡೋಣ, ಕಾಮರ್ಸಿನವನಿಗೆ ಲೆಕ್ಕ ಇಲ್ಲದೆ ಸಮಾಧಾನ ಇಲ್ಲ. ಹಡಗಿನ ಬೆಲೆ 6 ಕೋಟಿ ರೂಪಾಯಿ. ಒಳಗೆ ಮೂವರ ಸರಕು. ಮೊದಲನೆಯವನದು 2 ಕೋಟಿ, ಎರಡನೆಯವನದು ಒಂದೂವರೆ ಕೋಟಿ, ಮೂರನೆಯವನದು 50 ಲಕ್ಷ. ಒಟ್ಟು 10 ಕೋಟಿ. ಕಡಲಿಗೆ ಬಿದ್ದದ್ದು ಮೂರನೆಯವನ 50 ಲಕ್ಷದ ಸರಕು ಪೂರ್ತಿ. 10 ಕೋಟಿಗೆ 50 ಲಕ್ಷ ಎಂದರೆ ನೂರಕ್ಕೆ 5. ಈಗ ಹಡಗಿನ ಒಡೆಯ 30 ಲಕ್ಷ ಹಾಕುತ್ತಾನೆ, ಮೊದಲನೆಯ ವ್ಯಾಪಾರಿ 10 ಲಕ್ಷ, ಎರಡನೆಯವನು ಏಳೂವರೆ ಲಕ್ಷ. ಕೂಡಿಸಿದರೆ ನಲವತ್ತೇಳೂವರೆ ಲಕ್ಷ. ಉಳಿದ ಎರಡೂವರೆ ಲಕ್ಷ?

ಅದು ಸರಕು ಕಳೆದುಕೊಂಡವನ ಪಾಲು. ಹೌದು, ಅವನೂ ಹಾಕಬೇಕು. ಇದನ್ನು ಮೊದಲ ಸಲ ಓದುವವರಿಗೆ ಅನ್ಯಾಯ ಅನ್ನಿಸಬಹುದು. ಆದರೆ ಯೋಚಿಸಿ. ಅವನಿಗೆ 50 ಲಕ್ಷ ಪೂರ್ತಿ ಕೈಸೇರಿದರೆ ಹಡಗಿನಲ್ಲಿ ಒಂದು ಕಾಸೂ ಕಳೆದುಕೊಳ್ಳದವನು ಅವನೊಬ್ಬನೇ ಆಗುತ್ತಾನೆ. ಹಾಗಿದ್ದರೆ ಪ್ರತಿಯೊಬ್ಬನೂ ‘ನನ್ನದನ್ನೇ ಎಸೆಯಿರಿ’ ಎಂದು ಕಪ್ತಾನನ ಕಾಲು ಹಿಡಿದಾನು! ಎಸೆದವನದಕ್ಕೂ ಉಳಿದವನದಕ್ಕೂ ನೂರಕ್ಕೆ 5ರಂತೆ ಒಂದೇ ಪೆಟ್ಟು. ಇದರ ಹಿಂದಿರುವ ಬುದ್ಧಿ ಬಹಳ ಹಳೆಯದು, ಬಹಳ ನಾಜೂಕಿನದು.

ಎಷ್ಟು ಹಳೆಯದು ಅಂದರೆ, ಗ್ರೀಕರ ರೋಡ್ಸ್ ದ್ವೀಪದ ನಾವಿಕರ ಕಾನೂನು ಎಂಬ ಹೆಸರಿನಲ್ಲಿ ಇದು ರೋಮನರ ಧರ್ಮಶಾಸ್ತ್ರದೊಳಗೆ ಸೇರಿತ್ತು. ಜಸ್ಟಿನಿಯನ್ ಚಕ್ರವರ್ತಿ ಕ್ರಿ.ಶ. 533ರಲ್ಲಿ ಹೊರಡಿಸಿದ ‘ಡೈಜೆಸ್ಟ್’ ಎಂಬ ಕಾನೂನು ಸಂಗ್ರಹದಲ್ಲಿ ಹಡಗಿನಿಂದ ಎಸೆದ ಸರಕಿಗಾಗಿಯೇ ಒಂದು ಅಧ್ಯಾಯ ಇದೆ. ಎಲ್ಲರಿಗಾಗಿ ಕಳೆದದ್ದನ್ನು ಎಲ್ಲರೂ ತುಂಬಿಕೊಡಬೇಕು ಎಂಬುದು ಅದರ ತಾತ್ಪರ್ಯ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಬರುತ್ತದೆ: ಹಡಗಿನಲ್ಲಿರುವ ಸ್ವತಂತ್ರ ಮನುಷ್ಯರ ಜೀವಕ್ಕೆ ಬೆಲೆ ಕಟ್ಟಲಾಗದು, ಆದ್ದರಿಂದ ಜೀವ ಉಳಿಯಿತೆಂದು ಯಾರಿಂದಲೂ ಪಾಲು ಕೇಳುವಂತಿಲ್ಲ.

‘ಸ್ವತಂತ್ರ ಮನುಷ್ಯರು’ ಎಂಬ ಆ ಒಂದು ವಿಶೇಷಣ ನೋಡಿ. ಸ್ವತಂತ್ರರಲ್ಲದವರ ಗತಿ ಏನಾಯಿತು ಎಂಬುದಕ್ಕೆ 1781ರ ಒಂದು ಪ್ರಕರಣ ಸಾಕು. ‘ಝೊಂಗ್’ ಎಂಬ ಇಂಗ್ಲಿಷ್ ಹಡಗು ಆಫ್ರಿಕದ ಗುಲಾಮರನ್ನು ತುಂಬಿಕೊಂಡು ಜಮೈಕಾಕ್ಕೆ ಹೋಗುತ್ತಿತ್ತು. ಕುಡಿಯುವ ನೀರು ಸಾಲದು ಎಂಬ ನೆಪದಿಂದ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತ ಕಡಲಿಗೆ ನೂಕಿದರು. ಊರಿಗೆ ಬಂದ ಮೇಲೆ ಹಡಗಿನ ಒಡೆಯರು ‘ಸರಕು ಎಸೆಯಬೇಕಾಯಿತು’ ಎಂದು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು! ಮೊದಲ ವಿಚಾರಣೆಯಲ್ಲಿ ಜ್ಯೂರಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. 1783ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಅದು ಮತ್ತೆ ಬಂದಾಗ ಹೊಸ ವಿಚಾರಣೆಗೆ ಅಪ್ಪಣೆಯಾಯಿತು. ಕೊಲೆಯ ಮೊಕದ್ದಮೆ ಮಾತ್ರ ಯಾರ ಮೇಲೂ ಆಗಲಿಲ್ಲ. ಗುಲಾಮಗಿರಿಯ ವಿರುದ್ಧ ಇಂಗ್ಲೆಂಡಿನಲ್ಲಿ ಎದ್ದ ಚಳವಳಿಗೆ ಈ ಪ್ರಕರಣ ಕಿಚ್ಚು ಹಚ್ಚಿತು. ಎಸೆಯಬಹುದಾದದ್ದು ಯಾವುದು ಎಂದು ನಿರ್ಧರಿಸುವವನ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಎಂಬುದು ಪಠ್ಯಪುಸ್ತಕದ ವ್ಯಾಖ್ಯೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಬರೆದೆ.

ಇನ್ನು ಶಬ್ದದ ಮಾತು. ರೋಡ್ಸಿನವರಿಗೆ ನಿಯಮ ಇತ್ತು, ಎವರೇಜ್ ಎಂಬ ಹೆಸರು ಇರಲಿಲ್ಲ. ಹೆಸರು ಕೊಟ್ಟದ್ದು ಅರಬ್ಬೀ ಭಾಷೆ ಎಂದು ಹೆಚ್ಚಿನ ನಿಘಂಟುಕಾರರ ಮತ. ಅರಬ್ಬಿಯಲ್ಲಿ ‘ಅವಾರ್’ ಎಂದರೆ ಊನ, ಕೆಡುಕು. ‘ಅವಾರಿಯಾ’ ಎಂದರೆ ಕೆಟ್ಟುಹೋದ ಸರಕು. (ಹೆಚ್ಚುಕಡಿಮೆ ಇದೇ ಅರ್ಥದ ‘ಐಬು’ ಎಂಬ ಬೇರೊಂದು ಅರಬ್ಬೀ ಮಾತು ಕನ್ನಡದಲ್ಲೂ ಬೇರೂರಿದೆ.) ಮೆಡಿಟರೇನಿಯನ್ ಕಡಲಿನಲ್ಲಿ ಅರಬರ ಸಂಗಡ ವ್ಯಾಪಾರ ಮಾಡುತ್ತಿದ್ದ ಇಟಲಿಯವರು ಇದನ್ನು ‘ಅವಾರಿಯಾ’ ಎಂದೇ ಎತ್ತಿಕೊಂಡರು. ಅಲ್ಲಿಂದ ಫ್ರೆಂಚಿಗೆ ‘ಅವಾರಿ’ ಆಗಿ ಹೋಯಿತು. ಹದಿನೈದನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದು, ಅಲ್ಲಿದ್ದ ‘ಡ್ಯಾಮೇಜ್’ ಮೊದಲಾದ ಶಬ್ದಗಳ ಬಾಲ ಅಂಟಿಸಿಕೊಂಡು ‘ಎವರೇಜ್’ ಎನಿಸಿತು.

ಆಮೇಲೆ ಆದದ್ದು ಸ್ವಾರಸ್ಯ. ಮೊದಲು ಕೆಟ್ಟ ಸರಕು; ನಂತರ ಆ ಕೇಡಿನಿಂದ ಬಂದ ನಷ್ಟ; ನಂತರ ಆ ನಷ್ಟವನ್ನು ನ್ಯಾಯವಾಗಿ ಹಂಚುವ ಕ್ರಮ. ಹಂಚಿದಾಗ ಒಬ್ಬೊಬ್ಬನ ತಲೆಗೆ ಎಷ್ಟು ಬಿತ್ತು ಎಂಬ ಲೆಕ್ಕದಿಂದ ಹದಿನೆಂಟನೆಯ ಶತಮಾನದ ಹೊತ್ತಿಗೆ ಅದು ಎಲ್ಲ ಬಗೆಯ ಅಂಕಿಗಳ ಮಧ್ಯಮಾನಕ್ಕೂ ಹೆಸರಾಯಿತು. ಅಂದರೆ, ಕ್ರಿಕೆಟ್ಟಿನ ಎವರೇಜು ಹಡಗಿನ ಎವರೇಜಿನ ಮೊಮ್ಮಗ. ನಾವು ಮೊಮ್ಮಗನ ಮುಖ ನೋಡಿ ಅಜ್ಜನನ್ನು ಗುರುತಿಸಲು ಹೊರಟಿದ್ದೇವೆ! ಫ್ರೆಂಚಿನವರ ‘ಅವಾರಿ’ಗೂ ಇಟಲಿಯವರ ‘ಅವಾರಿಯಾ’ಕ್ಕೂ ಇಂದಿಗೂ ಹಾನಿ ಎಂದೇ ಅರ್ಥ. ಜರ್ಮನರು ಹಡಗಿನ ಅಪಘಾತಕ್ಕೆ ‘ಹವಾರೀ’ ಎನ್ನುತ್ತಾರೆ. ಗಣಿತದ ಕಡೆ ಹೊರಳಿದ್ದು ಇಂಗ್ಲಿಷಿನದು. ನಮ್ಮ ‘ಸರಾಸರಿ’ಯೂ ಅಚ್ಚಗನ್ನಡದ್ದೇನಲ್ಲ. ಅದು ಪಾರಸಿ, ‘ಈ ತುದಿಯಿಂದ ಆ ತುದಿಯವರೆಗೆ’ ಎನ್ನುವ ಅರ್ಥದ ‘ಸರಾಸರ್’ನಿಂದ ಬಂದದ್ದು.

ಇರಲಿ. ಹಡಗಿನಲ್ಲಿ ಆದ ನಷ್ಟವೆಲ್ಲ ಜನರಲ್ ಎವರೇಜ್ ಆಗುವುದಿಲ್ಲ. ಅಪಾಯ ನಿಜವಾಗಿ ಇರಬೇಕು. ತ್ಯಾಗವೋ ಖರ್ಚೋ ಬೇಕೆಂದೇ ಮಾಡಿದ್ದಾಗಿರಬೇಕು. ಅದು ಅಸಾಮಾನ್ಯವಾದದ್ದಾಗಿರಬೇಕು, ವಿವೇಕದ್ದಾಗಿರಬೇಕು. ಹಡಗು ಸರಕು ಎರಡರ ಕ್ಷೇಮಕ್ಕಾಗಿ ಆಗಿರಬೇಕು. ಕೊನೆಗೆ ಏನಾದರೂ ಉಳಿದಿರಬೇಕು. ಎಲ್ಲವೂ ಮುಳುಗಿದರೆ ಪಾಲು ಹಾಕುವವರು ಯಾರು? ಇದಕ್ಕೆ ವಿರುದ್ಧವಾದದ್ದು ‘ಪರ್ಟಿಕ್ಯುಲರ್ ಎವರೇಜ್’. ಅದು ತಾನಾಗಿ ಆದ ನಷ್ಟ, ಯಾರದ್ದು ಹಾಳಾಯಿತೋ ಅವನೇ ಅನುಭವಿಸತಕ್ಕದ್ದು.

ವ್ಯತ್ಯಾಸ ತಿಳಿಯಲು ಹಡಗಿಗೆ ಬಿದ್ದ ಬೆಂಕಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ಬೆಂಕಿಯಿಂದ ಸುಟ್ಟ ಸರಕು ಪರ್ಟಿಕ್ಯುಲರ್, ಅಂದರೆ ಆಯಾ ಒಡೆಯನ ಹಣೆಬರಹ. ಬೆಂಕಿ ಆರಿಸಲು ಸುರಿದ ನೀರಿನಿಂದ ಹಾಳಾದ ಸರಕು ಜನರಲ್, ಎಲ್ಲರ ಪಾಲು. ಹೊಗೆ ಹಿಡಿದು ಕೆಟ್ಟದ್ದು? ಅದು ಎಲ್ಲರ ಪಾಲಿಗೆ ಸೇರುವುದಿಲ್ಲ. ಅಕ್ಕಪಕ್ಕ ಇಟ್ಟ ಮೂರು ಪೆಟ್ಟಿಗೆ. ಒಂದು ಸುಟ್ಟಿತು, ಒಂದು ನೆನೆಯಿತು, ಒಂದಕ್ಕೆ ಹೊಗೆ ಹಿಡಿಯಿತು. ನೆನೆದವನೊಬ್ಬನೇ ಅದೃಷ್ಟವಂತ! ಇಂಥ ಸೂಕ್ಷ್ಮಗಳನ್ನು ದೇಶಕ್ಕೊಂದು ರೀತಿ ತೀರ್ಮಾನಿಸಿದರೆ ವ್ಯಾಪಾರ ನಡೆಯುವುದಿಲ್ಲವೆಂದು 1860ರಲ್ಲಿ ಗ್ಲಾಸ್ಗೋ, 1864ರಲ್ಲಿ ಯಾರ್ಕ್, 1877ರಲ್ಲಿ ಆಂಟ್‌ವರ್ಪ್ ನಗರಗಳಲ್ಲಿ ಸೇರಿ ಚರ್ಚಿಸಿದರು. ಅದರಿಂದ ‘ಯಾರ್ಕ್-ಆಂಟ್‌ವರ್ಪ್ ನಿಯಮಗಳು’ ಎಂದು ಹೆಸರಾಯಿತು. (ಮೊದಲು ಕರೆದ ಗ್ಲಾಸ್ಗೋದವರ ಹೆಸರು ಬಿಟ್ಟುಹೋಯಿತು, ಪಾಪ.) ಆಗಾಗ ತಿದ್ದುತ್ತಾ ಬಂದಿದ್ದಾರೆ, 1994, 2004, 2016ರ ಆವೃತ್ತಿಗಳಿವೆ. ನಮ್ಮ ದೇಶದಲ್ಲಿ 1963ರ ಕಡಲ ವಿಮೆ ಕಾಯಿದೆಯಲ್ಲಿ ಜನರಲ್, ಪರ್ಟಿಕ್ಯುಲರ್ ಎರಡಕ್ಕೂ ವ್ಯಾಖ್ಯೆ ಇದೆ. ಅದು 1906ರ ಬ್ರಿಟಿಷ್ ಕಾಯಿದೆಯ ಅಚ್ಚಿನಲ್ಲಿ ಎರೆದದ್ದು.

ಪಾಲಿನ ಲೆಕ್ಕ ಹಾಕುವುದೇ ಒಂದು ಉದ್ಯೋಗ, ಅವರಿಗೆ ‘ಎವರೇಜ್ ಎಡ್ಜಸ್ಟರ್’ ಎಂದು ಹೆಸರು. ಲಂಡನ್ನಿನಲ್ಲಿ ಅವರ ಸಂಘ 1869ರಿಂದ ಇದೆ. ದೊಡ್ಡ ಹಡಗಿನ ಲೆಕ್ಕ ಮುಗಿಯಬೇಕಾದರೆ ವರ್ಷಗಳೇ ಹಿಡಿಯುತ್ತವೆ.

ಇದೆಲ್ಲ ಪಾಯಿಹಡಗಿನ ಕಾಲದ ಮಾತು, ಈಗ ಯಾರು ಮೂಟೆ ಎಸೆಯುತ್ತಾರೆ ಅಂತ ಕೇಳಬಹುದು. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ ಹಡಗು ಸುಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡದ್ದು ನೆನಪಿದೆಯೆ? ಆರು ದಿನ ಕಾಲುವೆ ಬಂದ್. ಅದರ 25 ಮಂದಿ ಸಿಬ್ಬಂದಿಯೂ ಭಾರತೀಯರು. ಮಾರ್ಚ್ 29ಕ್ಕೆ ಹಡಗು ತೇಲಿತು. ಏಪ್ರಿಲ್ 1ರಂದು ಅದರ ಜಪಾನೀ ಒಡೆಯರು ಜನರಲ್ ಎವರೇಜ್ ಘೋಷಿಸಿದರು. ಒಂದು ಪೆಟ್ಟಿಗೆಯೂ ನೀರಿಗೆ ಬಿದ್ದಿರಲಿಲ್ಲ. ಆದರೆ ಹಡಗನ್ನು ಬಿಡಿಸಲು ಟಗ್ ದೋಣಿಗಳು, ಮರಳು ತೋಡುವ ಯಂತ್ರಗಳು, ತಜ್ಞರು ಎಂದು ಆದ ಅಸಾಮಾನ್ಯ ಖರ್ಚೂ ತ್ಯಾಗವೇ. ಒಳಗಿದ್ದ ಸುಮಾರು 18,300 ಪೆಟ್ಟಿಗೆಗಳ ಒಡೆಯರೆಲ್ಲ ಪಾಲುಗಾರರಾದರು. ಕಾಲುವೆಯ ಅಧಿಕಾರಿಗಳು ಮೊದಲು 91.6 ಕೋಟಿ ಡಾಲರು ಕೇಳಿ ಹಡಗನ್ನು ಹಿಡಿದಿಟ್ಟರು. ರಾಜಿಯಾಗಿ ಅದು ಹೊರಟದ್ದು ಜುಲೈ 7ಕ್ಕೆ. 2024ರ ಮಾರ್ಚಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಸೇತುವೆಗೆ ಗುದ್ದಿದ ‘ಡಾಲಿ’ ಹಡಗಿನ ವಿಷಯದಲ್ಲೂ ಜನರಲ್ ಎವರೇಜ್ ಘೋಷಣೆಯಾಯಿತು. ಅಲ್ಲೂ ಹೆಚ್ಚಿನ ಸಿಬ್ಬಂದಿ ನಮ್ಮವರೇ.

ನಮ್ಮ ಅರಬ್ಬೀ ಸಮುದ್ರದ್ದೇ ಒಂದು ಹೇಳುತ್ತೇನೆ. 2018ರ ಮಾರ್ಚ್ 6ರಂದು ಸಿಂಗಪುರದಿಂದ ಸುಯೆಜ್ ಕಡೆಗೆ ಹೊರಟಿದ್ದ ‘ಮೆರ್ಸ್ಕ್ ಹೋನಮ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಐವರು ಸಿಬ್ಬಂದಿ ಜೀವ ಕಳೆದುಕೊಂಡರು. ಉಳಿದ ಸರಕಿನವರು ತಮ್ಮ ಪೆಟ್ಟಿಗೆ ಬಿಡಿಸಿಕೊಳ್ಳಬೇಕಾದರೆ ಸರಕಿನ ಬೆಲೆಯ ನೂರಕ್ಕೆ 42.5ರಷ್ಟು ರಕ್ಷಣಾ ಕಾರ್ಯದ ಭದ್ರತೆಗೆ, ನೂರಕ್ಕೆ 11.5ರಷ್ಟು ಜನರಲ್ ಎವರೇಜಿಗೆ, ಒಟ್ಟು ನೂರಕ್ಕೆ 54ರಷ್ಟು ಭರವಸೆ ಕೊಡಬೇಕೆಂದು ನಿಗದಿಯಾಯಿತು. ಎಂದರೆ, ಒಬ್ಬ ಸಣ್ಣ ವ್ಯಾಪಾರಿ ಸಾಲ ಮಾಡಿ ಹತ್ತು ಲಕ್ಷದ ಗೋಡಂಬಿ ಕಳಿಸಿದ್ದಾನೆ ಎಂದು ಊಹಿಸಿ. ಪೆಟ್ಟಿಗೆಗೆ ಒಂದು ಗೀರೂ ಬಿದ್ದಿಲ್ಲ. ಆದರೂ 5 ಲಕ್ಷ 40 ಸಾವಿರದ ಭದ್ರತೆ ಕೊಡುವ ತನಕ ಸರಕು ಕೈಗೆ ಬರುವುದಿಲ್ಲ. ಕಡಲ ವಿಮೆ ಇದ್ದರೆ ವಿಮೆ ಕಂಪೆನಿ ‘ಎವರೇಜ್ ಗ್ಯಾರಂಟಿ’ ಬರೆದುಕೊಡುತ್ತದೆ, ವ್ಯಾಪಾರಿ ರಾತ್ರಿ ನಿದ್ದೆ ಮಾಡಬಹುದು. ವಿಮೆ ಇಲ್ಲದವನು ರೊಕ್ಕವನ್ನೇ ಹೊಂದಿಸಬೇಕು. ‘ನನ್ನ ಸರಕು ಗಟ್ಟಿ ಇದೆ, ಒಡೆದು ಹೋಗುವಂಥದ್ದಲ್ಲ, ವಿಮೆ ಯಾಕೆ?’ ಎನ್ನುವವರು ಈ ಶಬ್ದದ ಅರ್ಥ ತಿಳಿಯದವರು. ಇಲ್ಲಿ ನಿಮ್ಮ ಸರಕಿನ ಗಟ್ಟಿತನದ ಪ್ರಶ್ನೆಯೇ ಇಲ್ಲ.

ಈಗ ಕಡಲಿನಿಂದ ದಡಕ್ಕೆ ಬರೋಣ, ಬೆಂಕಿ ವಿಮೆಯ ‘ಎವರೇಜ್ ಕ್ಲಾಸಿ’ಗೆ. ಹಡಗಿನ ಎವರೇಜು ನಮ್ಮ ಹೆಚ್ಚಿನವರ ಮನೆ ಬಾಗಿಲಿಗೆ ಬರಲಿಕ್ಕಿಲ್ಲ. ಇದು ಬರುತ್ತದೆ. ನಮ್ಮ ಮನೆಗೆ ಬಂದಿತ್ತು.

ನನ್ನ ಸೋದರಮಾವನಿಗೆ ಉಪನಗರದಲ್ಲಿ ಪ್ಲಾಸ್ಟಿಕ್, ಸ್ಟೀಲು ಪಾತ್ರೆಗಳ ಒಂದು ಸಣ್ಣ ಅಂಗಡಿ, ಹಿಂದೆ ಒಂದು ಗೋದಾಮು. ಎರಡು ವರ್ಷದ ಕೆಳಗೆ ದೀಪಾವಳಿಗೆ ಮೊದಲು, ಮಾಲು ತುಂಬಿದ್ದ ಹೊತ್ತಿನಲ್ಲೇ, ವಯರಿನಿಂದ ಬೆಂಕಿ ಹತ್ತಿ ಅರ್ಧ ಗೋದಾಮು ಹೋಯಿತು. ಅಂದು ಗೋದಾಮಿನಲ್ಲಿದ್ದ ಮಾಲು 8 ಲಕ್ಷದ್ದು. ಸುಟ್ಟದ್ದು 4 ಲಕ್ಷದ್ದು. ಪಾಲಿಸಿ 5 ಲಕ್ಷದ್ದು. 4 ಲಕ್ಷ ಕೈಗೆ ಬರುತ್ತದೆ ಅಂತ ಮನೆಯವರೆಲ್ಲ ಲೆಕ್ಕ ಹಾಕಿ ಕೂತಿದ್ದರು. ವಿಮೆಯವರ ಕಾಗದ ಬಂತು: ಎರಡೂವರೆ ಲಕ್ಷ. ಕಾರಣ ಎರಡೇ ಶಬ್ದ, ‘ಎವರೇಜ್ ಅಪ್ಲೈಡ್’.

ಮಾವ ಆ ಕಾಗದ ಹಿಡಿದುಕೊಂಡು ನಮ್ಮ ಖೋಲಿಗೆ ಬಂದರು. ‘ಅಲ್ಲ ಮಾರಾಯ, ನೀನು ಕಾಮರ್ಸು ಕಲಿಯೂದಲ್ವಾ? ಸರಾಸರಿ ತೆಗ್ದಿದ್ದಾರಂತೆ. ಯಾವ್ದರ ಸರಾಸರಿ? ನಾಲ್ಕಕ್ಕೂ ಐದಕ್ಕೂ ತೆಗೆದ್ರೆ ನಾಲ್ಕೂವರೆ. ಐದಕ್ಕೂ ಎಂಟಕ್ಕೂ ತೆಗೆದ್ರೆ ಆರೂವರೆ. ಈ ಎರಡೂವರೆ ಎಲ್ಲಿಂದ ಬಂತು?’

ಮಾವನ ಲೆಕ್ಕ ಸರಿಯಾಗಿಯೇ ಇತ್ತು. ಆ ಎರಡೂವರೆ ಲಕ್ಷ ಯಾವ ಸರಾಸರಿಯೂ ಅಲ್ಲ. ಸೂತ್ರ ಹೀಗಿದೆ: ನಷ್ಟವನ್ನು ಪಾಲಿಸಿಯ ಮೊತ್ತದಿಂದ ಗುಣಿಸಿ, ಅಂದು ಇದ್ದ ಮಾಲಿನ ಬೆಲೆಯಿಂದ ಭಾಗಿಸುವುದು. ನಾಲ್ಕೈದಲಿ ಇಪ್ಪತ್ತು, ಭಾಗಿಸು ಎಂಟು, ಎರಡೂವರೆ. ಇದರ ತರ್ಕ ಹಡಗಿನದ್ದೇ. 8 ಲಕ್ಷದ ಮಾಲಿಗೆ 5 ಲಕ್ಷದ ಪಾಲಿಸಿ ತೆಗೆದವನು ಉಳಿದ 3 ಲಕ್ಷಕ್ಕೆ ತಾನೇ ವಿಮೆದಾರ ಎಂದು ಕಾನೂನು ತಿಳಿಯುತ್ತದೆ. ಗೋದಾಮಿನಲ್ಲಿ ಇಬ್ಬರು ಪಾಲುಗಾರರು ಇದ್ದ ಹಾಗೆ: ಎಂಟರಲ್ಲಿ ಐದು ಪಾಲು ಕಂಪೆನಿಯದು, ಮೂರು ಪಾಲು ಮಾವನದು. ಸುಟ್ಟದ್ದು ಯಾರ ಮೂಲೆಯಲ್ಲಿ ಎಂದು ಕೇಳುವಂತಿಲ್ಲ, ಆದ ನಷ್ಟವನ್ನು ಇಬ್ಬರೂ ಅದೇ ಪ್ರಮಾಣದಲ್ಲಿ ಹೊರಬೇಕು. ಕಡಲ ವಿಮೆಯ ನಷ್ಟ ಹಂಚುವ ಬುದ್ಧಿಯೇ ಹೆಸರಿನ ಸಮೇತ ಬೆಂಕಿ ವಿಮೆಗೆ ಇಳಿದು ಬಂದದ್ದು ಹೀಗೆ.

ಪೂರ್ತಿ ಗೋದಾಮು ಸುಟ್ಟಿದ್ದರೆ? ಎಂಟೈದಲಿ ನಲವತ್ತು, ಭಾಗಿಸು ಎಂಟು, ಐದು. ಪಾಲಿಸಿಯ 5 ಲಕ್ಷ ಪೂರ್ತಿ ಸಿಗುತ್ತಿತ್ತು! ಈ ಷರತ್ತು ಕಚ್ಚುವುದು ಅರ್ಧಂಬರ್ಧ ಸುಟ್ಟಾಗ ಮಾತ್ರ. ಎಷ್ಟೋ ಬೆಂಕಿಗಳು ಅರ್ಧಂಬರ್ಧವೇ ಆಗಿರುತ್ತವೆ, ಯಾರಾದರೂ ನೀರು ಹಾಕುತ್ತಾರಲ್ಲ.

ನಿಯಮ ಅನ್ಯಾಯದ್ದು ಅಂತ ನಾನು ಹೇಳುವುದಿಲ್ಲ. ಎಲ್ಲರೂ ಅರ್ಧ ಪ್ರೀಮಿಯಮ್ ಕಟ್ಟಿ ಸಣ್ಣ ಬೆಂಕಿಗಳಿಗೆ ಪೂರ್ತಿ ಹಣ ಎತ್ತಿದರೆ, ಪ್ರಾಮಾಣಿಕವಾಗಿ ಪೂರ್ತಿ ಕಟ್ಟಿದವನ ಹಣದಿಂದಲೇ ಅದನ್ನು ತುಂಬಬೇಕಾಗುತ್ತದೆ. ಆದರೆ ಮಾವ ಕಂಜೂಸಿ ಮಾಡಿ 5 ಲಕ್ಷಕ್ಕೆ ತೆಗೆದದ್ದಲ್ಲ. ಅಂಗಡಿಗೆ ಸಾಲ ಕೊಟ್ಟ ಬ್ಯಾಂಕು ತನ್ನ ಸಾಲ 5 ಲಕ್ಷ ಎಂದು ಅಷ್ಟಕ್ಕೇ ಪಾಲಿಸಿ ಮಾಡಿಸಿತ್ತು. ಬ್ಯಾಂಕಿಗೆ ತನ್ನ ಹಣ ಭದ್ರವಾದರೆ ಸಾಕು. ಮಾಲಿನ ಬೆಲೆ ಎಷ್ಟು, ಹಬ್ಬದ ಮುಂದೆ ಅದು ಎಷ್ಟಕ್ಕೆ ಏರುತ್ತದೆ ಎಂದು ಕೇಳಿದವರಿಲ್ಲ. ಸಹಿ ಹಾಕಿಸುವಾಗ ಆ ಷರತ್ತನ್ನು ಓದಿ ಹೇಳಿದವರೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ‘ನಿಮ್ಮ ಪಾಲಿಸಿ ಮಾಲಿನ ಬೆಲೆಗಿಂತ ಕಡಿಮೆ ಇದ್ದರೆ ಸಣ್ಣ ನಷ್ಟಕ್ಕೂ ಪೂರ್ತಿ ಹಣ ಸಿಗುವುದಿಲ್ಲ’ ಎಂದು ಒಂದು ಸಾಲಿನಲ್ಲಿ ಹೇಳಬಹುದಾದದ್ದನ್ನು ‘ಎವರೇಜ್’ ಎಂಬ ಒಂದು ಶಬ್ದದ ಹಿಂದೆ ಬಚ್ಚಿಟ್ಟಿದ್ದಾರೆ. ಅದೂ ಎಲ್ಲರಿಗೂ ಗೊತ್ತಿರುವ ಶಬ್ದ. ಗೊತ್ತಿಲ್ಲದ ಶಬ್ದವಾಗಿದ್ದರೆ ಮಾವ ಯಾರನ್ನಾದರೂ ಕೇಳುತ್ತಿದ್ದರೋ ಏನೋ. ಗೊತ್ತಿದೆ ಎಂದುಕೊಂಡ ಶಬ್ದದ ಅರ್ಥವನ್ನು ಯಾರು ಕೇಳುತ್ತಾರೆ?

ಈಚೆಗೆ ಸ್ವಲ್ಪ ಸಡಿಲ ಆಗಿದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಅಪ್ಪಣೆಯಂತೆ ಹೊಸ ಮಾದರಿ ಪಾಲಿಸಿಗಳು ಬಂದಿವೆ. ಮನೆಗೆ ‘ಭಾರತ್ ಗೃಹ ರಕ್ಷಾ’. ಅದರಲ್ಲಿ ಕಡಿಮೆ ವಿಮೆಯ ಕಾರಣಕ್ಕೆ ಕಡಿತ ಮಾಡುವುದಿಲ್ಲ. 5 ಕೋಟಿಯವರೆಗಿನ ಸಣ್ಣ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದರ ಮೇಲೆ 50 ಕೋಟಿಯವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಇವೆರಡರಲ್ಲಿ ನೂರಕ್ಕೆ 15ರವರೆಗಿನ ಕೊರತೆಗೆ ಮಾಫಿ ಇದೆ. 8 ಲಕ್ಷದ ಮಾಲಿಗೆ 6 ಲಕ್ಷ 80 ಸಾವಿರದ ಪಾಲಿಸಿ ಇದ್ದರೂ ನಡೆಯುತ್ತದೆ ಎಂದಾಯಿತು. ಮಾವನ ಕೊರತೆ ನೂರಕ್ಕೆ ಮೂವತ್ತೇಳೂವರೆ, ಮಾಫಿಯ ಗೆರೆಯಿಂದ ಬಹಳ ದೂರ.

ನಮ್ಮ ಸಂಘದಲ್ಲಿ ಅಂಗಡಿ, ಹೋಟೆಲು, ಪ್ರೆಸ್ಸು ನಡೆಸುವವರ ಮಕ್ಕಳು ಬಹಳ ಮಂದಿ ಇದ್ದೀರಿ. ಮನೆಗೆ ಹೋದಾಗ ಕಪಾಟಿನಿಂದ ಪಾಲಿಸಿ ತೆಗೆದು ಎರಡು ಅಂಕಿ ನೋಡಿ: ವಿಮೆಯ ಮೊತ್ತ ಎಷ್ಟು, ಹಬ್ಬದ ಕಾಲದಲ್ಲಿ ಮಾಲು ಏರಿದಾಗ ಅದರ ಬೆಲೆ ಎಷ್ಟು. ಎರಡನೆಯದು ದೊಡ್ಡದಾಗಿದ್ದರೆ ಅಪ್ಪನಿಗೆ ಮೇಲಿನ ಗುಣಾಕಾರ ಭಾಗಾಕಾರ ಮಾಡಿ ತೋರಿಸಿ. ಮಾವ ಈಗ ದಸರೆಯ ಮೊದಲೇ ಪಾಲಿಸಿಯ ಮೊತ್ತ ಏರಿಸುತ್ತಾರೆ, ಹೆಚ್ಚಿಗೆ ಆಗುವ ಪ್ರೀಮಿಯಮ್ಮಿಗೆ ಗೊಣಗುತ್ತಲೇ.

ಕೊನೆಗೊಂದು ಮಾತು, ಇದು ಸಾಹಿತ್ಯದವರಿಗೆ. ಈ ಎವರೇಜಿಗೆ ಕನ್ನಡದಲ್ಲಿ ಏನೆನ್ನೋಣ? ‘ಸಾಮಾನ್ಯ ಸರಾಸರಿ’ ಎಂದರೆ ಅನರ್ಥ. ‘ಸಾಮೂಹಿಕ ಹಾನಿ’ ಎಂದರೆ ನೆರೆ, ಭೂಕಂಪ ನೆನಪಾಗುತ್ತದೆ, ಹಂಚುವ ಭಾವ ಬರುವುದಿಲ್ಲ. ಜನರಲ್ ಎವರೇಜಿಗೆ ‘ಪಾಲುನಷ್ಟ’, ಪರ್ಟಿಕ್ಯುಲರ್ ಎವರೇಜಿಗೆ ‘ಒಂಟಿನಷ್ಟ’, ಬೆಂಕಿ ವಿಮೆಯ ಷರತ್ತಿಗೆ ‘ಪಾಲುಷರತ್ತು’ ಎಂದರೆ ಹೇಗೆ ಎಂದು ನನ್ನ ಯೋಚನೆ. ‘ಪಾಲು’ ಎಂದ ಕೂಡಲೇ ಮಾವನಿಗೂ ಅರ್ಥವಾಯಿತು. ನಷ್ಟ ಬೇಡ, ನಮ್ಮವರ ಬಾಯಲ್ಲಿರುವ ಲುಕ್ಸಾನೇ ಇರಲಿ, ‘ಪಾಲುಲುಕ್ಸಾನು’ ಅನ್ನೋಣ ಎಂದು ಒಬ್ಬ ಗೆಳೆಯನ ವಾದ. ಎರಡು ಲು ಒಟ್ಟಿಗೆ ಬಂದು ನಾಲಿಗೆ ತೊಡರುತ್ತದೆ ಎಂದು ನಾನು ಒಪ್ಪಿಲ್ಲ. ಇದಕ್ಕಿಂತ ಚೊಕ್ಕ ಮಾತು ಯಾರಿಗಾದರೂ ಹೊಳೆದರೆ ಸಂಘದ ಕೋಣೆಯ ಹಲಗೆಯ ಮೇಲೆ ಬರೆದಿಡಿ, ಹೆಸರು ಹಾಕಲು ಮರೆಯಬೇಡಿ.